ಎಡಗಡೆ ಕಚ್ಚಿನ ಆಮೆ

ಪಂಪ್‌ಹೌಸ್ ಮಾವ ಮಾತಿಗೆ ಮಹಾ ಜಿಪುಣ. ಮೋಟಾರು ಹಾಕಿದನೆಂದರೆ ಇಬ್ಬರ ಪಾಲಿನ ಮಾತೂ ಅದೇ ಆಡಲಿ ಎನ್ನುವಂತೆ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಿದ್ದ. ಊರಿಗೆಲ್ಲ ನೀರು ಕೊಡುವ ಕೆರೆ, ದಡದಲ್ಲಿ ಪಂಪ್‌ಹೌಸು, ಅದರ ಬೆನ್ನಿಗೆ ಎರಡು ಕೋಣೆಯ ಮನೆ. ಅವನ ಸಂಸಾರ ನಡೆದದ್ದೆಲ್ಲ ಅಲ್ಲೇ. ಆದರೆ ಆಮೆಯ ಸುದ್ದಿ ಎತ್ತಿ ನೋಡಿ, ನಿಮ್ಮ ಕಿವಿ ತೂತಾಗುವವರೆಗೂ ಬಿಡುತ್ತಿರಲಿಲ್ಲ.

ಆಮೆಯ ಹುಚ್ಚು ಹಿಡಿಸಿದ್ದು ಕಾಲೇಜಿನ ಮೇಡಂ. ಈ ಕೆರೆಯಲ್ಲಿ ಆಮೆ ಎಷ್ಟಿವೆ ಎಂದು ಕೇಳಿಕೊಂಡು ಒಂದು ಬೆಳಿಗ್ಗೆ ಬಂದಿದ್ದರು. ಎಣಿಸಬೇಕೆಂದು ಕೆರೆ ಬತ್ತಿಸಲಾಗುತ್ತದೆಯೇ? ಅದಕ್ಕೊಂದು ಉಪಾಯವಿದೆ ಎಂದರು. ಒಂದಷ್ಟನ್ನು ಹಿಡಿಯುವುದು, ಚಿಪ್ಪಿನ ಬಲ ಅಂಚಿಗೆ ಅರದಿಂದ ಸಣ್ಣದೊಂದು ಕಚ್ಚು ಹಾಕಿ ನೀರಿಗೆ ಬಿಡುವುದು, ಸ್ವಲ್ಪ ದಿನ ಬಿಟ್ಟು ಮತ್ತೆ ಹಿಡಿಯುವುದು. ಸಿಕ್ಕವುಗಳಲ್ಲಿ ಕಚ್ಚಿನವು ಅಪರೂಪವಾಗಿದ್ದರೆ ಕೆರೆ ತುಂಬ ಆಮೆ. ಸಿಕ್ಕಿದ್ದೆಲ್ಲ ಕಚ್ಚಿನವೇ ಆದರೆ ಇರುವುದೇ ಅಷ್ಟು. ಒಂದು ಷರತ್ತು ಮಾತ್ರ ಇತ್ತು: ಬಲೆ ಪಂಜರಗಳನ್ನು ಕೆರೆಯ ಎಲ್ಲ ಕಡೆಗೂ ಹಂಚಿ ಇಡಬೇಕು. ಆಮೆಗೆ ಉಸಿರಾಡಲು ಪಂಜರದ ತಲೆ ನೀರಿನ ಮೇಲಿರುವಂತೆ ಅವನ್ನು ಕಟ್ಟುವ ಕೆಲಸ ಮಾವನದಾಯಿತು.

ಹರಿದ ಬಲೆ ಹೊಲಿಯುತ್ತಿದ್ದವಳು ಅವನ ಹೆಂಡತಿ. ಎಡಗೈಯವಳು. ಮೊದಲ ವರ್ಷ, "ನಂಗೂ ಒಂದು ಕೊಡ್ರೀ, ನೀವೊಬ್ರೇ ಮಜಾ ತಗೊಂಡ್ರೆ ಆಯ್ತಾ?" ಎಂದು ಅರ ಕಿತ್ತುಕೊಂಡು, ಬಲಗಡೆ ಹಾಕಬೇಕಾದ ಕಚ್ಚನ್ನು ಎಡಗಡೆಗೆ ಹಾಕಿಬಿಟ್ಟಳು. ಮೇಡಂ ನಕ್ಕೂ ನಕ್ಕು ಸುಸ್ತಾದರು.

"ನಗಬೇಡಿ ಮೇಡಂ. ಇಡೀ ಕೆರೇಲಿ ಎಡಚಿ ಅಂತ ಇದೊಂದಾದ್ರೂ ನಂಗೆ ಜೊತೆ ಇರ್ಲಿ," ಎಂದು ಅದನ್ನು ಮನೆಯೆದುರು ಕೆರೆಗಿಳಿಯುವ ಮೆಟ್ಟಿಲ ಹತ್ತಿರ ತಾನೇ ನೀರಿಗೆ ಬಿಟ್ಟಳು.

ಮರುವರ್ಷ ಬಲೆ ಕಟ್ಟುವ ಹೊತ್ತಿಗೆ ಅವಳಿರಲಿಲ್ಲ. ಜ್ವರ ಅಂತ ಮಲಗಿದವಳು ಏಳಲೇ ಇಲ್ಲ.

ಆಮೇಲೆ ಮಾವನಿಗೆ ಒಂದೇ ಆಸೆ ಉಳಿಯಿತು. ಆ ಎಡಗಡೆಯ ಕಚ್ಚಿನ ಮೇಲೆ ಒಂದು ಸಲ, ಒಂದೇ ಒಂದು ಸಲ, ಹೆಬ್ಬೆರಳು ಆಡಿಸಬೇಕು. ಗೋಡೆಯ ಮೇಲೆ ಅವಳ ಫೋಟೋ ಇತ್ತು, ಪೆಟ್ಟಿಗೆಯಲ್ಲಿ ಸೀರೆಗಳಿದ್ದವು. ಆದರೆ ಅವೆಲ್ಲ ಇಟ್ಟಲ್ಲೇ ಇರುವ ವಸ್ತುಗಳು. ಅವಳ ಕೈಯದು ಅಂತ ಇನ್ನೂ ಜೀವದಿಂದ ಓಡಾಡಿಕೊಂಡಿದ್ದದ್ದು ಮಗಳನ್ನು ಬಿಟ್ಟರೆ ಆ ಆಮೆಯೊಂದೇ. ಮಗಳೋ ಬಸ್ ಕಂಡಕ್ಟರು, ದಿನಾ ಸಂಜೆ ಮನೆಗೆ ಬಂದು ಬೈಯುತ್ತಿದ್ದಳು. ಆಮೆ ಬರಲಿಲ್ಲ.

ಬರಲಿ ಎಂದು ಮಾವ ಒಂದು ಕೆಲಸ ಮಾಡಿದ. ಪಂಜರಗಳನ್ನು ಹಂಚುವುದು ಬಿಟ್ಟು ಎಲ್ಲವನ್ನೂ ಮೆಟ್ಟಿಲ ಸುತ್ತಲೇ ಕಟ್ಟತೊಡಗಿದ. ಅವಳು ಬಿಟ್ಟ ಜಾಗ ಅದೇ ತಾನೇ? ವರ್ಷ ವರ್ಷವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಸಿಕ್ಕಿದ್ದು ಹೋದ ವರ್ಷದ ಬಲಗಚ್ಚಿನ ಅವೇ ಮೂತಿಗಳು. ಮೇಡಂ ಬರುವಷ್ಟರಲ್ಲಿ ಆಮೆಗಳೆಲ್ಲ ತೊಟ್ಟಿಯಲ್ಲಿರುತ್ತಿದ್ದವು, ಪಂಜರ ಎಲ್ಲಿದ್ದವೆಂದು ಅವರೇನು ಕನಸು ಕಾಣಬೇಕೇ?

ಈ ವರ್ಷ ಮೇಡಂ ಬಂದಾಗ ಮುಖ ಬಾಡಿತ್ತು.

"ಮಾವ, ಸಂಖ್ಯೆ ಇಳೀತಾನೇ ಇದೆ. ಇಷ್ಟು ಕಮ್ಮಿ ಆದ್ರೆ ಗಂಡಿಗೆ ಹೆಣ್ಣು ಸಿಗಲ್ಲ. ಇಟ್ಟ ಮೊಟ್ಟೇಲಿ ಮುಕ್ಕಾಲು ಪಾಲು ಕಾಗೆಗೆ. ಇಲ್ಲಿ ಇವುಗಳ ವಂಶ ಉಳಿಯಲ್ಲ. ಮೇಲಿನೋರು ಎಲ್ಲಾನೂ ಹಿಡಿದು, ಇವುಗಳ ಜಾತಿ ಜಾಸ್ತಿ ಇರೋ ದೊಡ್ಡ ಕೆರೆಗೆ ಸಾಗಿಸೋಣ ಅಂತಿದ್ದಾರೆ. ಈ ಸಲದ ಎಣಿಕೆ ನೋಡ್ಕೊಂಡು ತೀರ್ಮಾನ."



ಅಂದು ಸಂಜೆ ಮಗಳು ಟಿಕೆಟ್ ಚೀಲವನ್ನು ಮೊಳೆಗೆ ನೇತುಹಾಕಿ ಹೊರಗೆ ಬಂದರೆ, ಅಪ್ಪ ಪಂಜರಗಳನ್ನೆಲ್ಲ ಮೆಟ್ಟಿಲ ಮೇಲೆ ಪೇರಿಸುತ್ತಿದ್ದ.

"ಅಪ್ಪಾ, ಎಲ್ಲಾನೂ ಇಲ್ಲೇ ಕಟ್ತೀಯಾ?"

"ಹ್ಞೂಂ."

"ಪ್ರತಿ ವರ್ಷಾನೂ ಹೀಗೇನಾ?"

ಅಪ್ಪ ಇನ್ನೊಂದು ಪಂಜರಕ್ಕೆ ಹಗ್ಗ ಬಿಗಿದ. ಮಗಳು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನಪ್ಪಾ! ಇಲ್ಲಿ ಜನ ಬ್ರೆಡ್ಡು ಎಸೀತಾರೆ. ಅದರ ರುಚಿ ಹತ್ತಿದವು ಇಲ್ಲೇ ಠಿಕಾಣಿ ಹೂಡಿವೆ. ನನ್ನ ಬೆಳಗಿನ ಟ್ರಿಪ್ಪಿಗೂ ದಿನಾ ಅವೇ ಮುಖಗಳು ಬರ್ತವೆ. ಅವರನ್ನೇ ಎಣಿಸಿ ಊರಲ್ಲಿರೋದು ಇಷ್ಟೇ ಜನ ಅಂದ್ರೆ ನನ್ನ ಕೆಲಸದಿಂದ ಓಡಿಸ್ತಾರೆ. ಆಮೆ ಕಮ್ಮಿ ಆಗಿಲ್ಲ, ನೀನು ಹುಡುಕ್ತಿಲ್ಲ ಅಷ್ಟೇ!"

"ನಿಮ್ಮಮ್ಮ ಬಿಟ್ಟಿದ್ದು ಇಲ್ಲೇ ಅಲ್ವೇನಮ್ಮ," ಎಂದ ಮಾವ.

ಮಗಳ ಸಿಟ್ಟು ಜರ್ರನೆ ಇಳಿಯಿತು. ಬಂದು ಪಕ್ಕದಲ್ಲಿ ಕೂತಳು. "ಬಿಟ್ಟಿದ್ದು ಇಲ್ಲೇ ಅಪ್ಪ. ಆದ್ರೆ ಹೊಟ್ಟೆಗೆ ಎಲ್ಲಿ ಸಿಗುತ್ತೋ ಅಲ್ಲಿಗೆ ಹೋಗಿರುತ್ತೆ. ಅದೇನು ನಮ್ಮ ಹಾಗೆ ಅಮ್ಮನ್ನ ನೆನೆಸ್ಕೊಂಡು ಕೂತಿರುತ್ತಾ?"

ಅವಳು ಒಳಗೆ ಹೋದ ಮೇಲೂ ಮಾವ ಅಲ್ಲೇ ಇದ್ದ. ಅವನ ತಲೆಗೊಂದು ಹುಳ ಹೊಕ್ಕಿತ್ತು, ಮಗಳಿಗೆ ಹೇಳಲಾಗದಂಥದ್ದು. ತಾನು ತೆಪ್ಪಗೆ ಈ ಸಲವೂ ಇಲ್ಲೇ ಕಟ್ಟಿದರೆ ಲೆಕ್ಕ ಇನ್ನೂ ಇಳಿಯುತ್ತದೆ. ಆಗ ಮೇಲಿನವರು ಬಂದು ಕೆರೆಯನ್ನೇ ಜಾಲಾಡುತ್ತಾರೆ, ಒಂದನ್ನೂ ಬಿಡುವುದಿಲ್ಲ. ಹೆಂಡತಿಯ ಆಮೆ ಎಲ್ಲಿದ್ದರೂ ಸಿಕ್ಕೇ ಸಿಗುತ್ತದೆ! ಕೈಯಲ್ಲಿ ಹಿಡಿಯಬಹುದು, ಕಚ್ಚು ಸವರಬಹುದು. ಆದರೆ ಆಮೇಲೆ? ಆಮೇಲೆ ಲಾರಿ. ಅದು ಇನ್ಯಾವುದೋ ನೀರಿನಲ್ಲಿ, ಇವನು ಈ ಖಾಲಿ ಕೆರೆಯ ದಡದಲ್ಲಿ. ಅವಳು ಒಮ್ಮೆ ಹೋದದ್ದೇ ಸಾಲದೇ?

ಬೆಳಿಗ್ಗೆ ಮಾವ ತೆಪ್ಪ ಬಿಚ್ಚಿದ. ಜೊಂಡಿನೊಳಗೆ, ಕಾಲುವೆಯ ಬಾಯಲ್ಲಿ, ಏರಿಯ ಬುಡದಲ್ಲಿ ಪಂಜರ ಕಟ್ಟಿದ. ಮೆಟ್ಟಿಲ ಹತ್ತಿರ ಒಂದೂ ಇಡಲಿಲ್ಲ.

ಎತ್ತುವ ದಿನ ಮೇಡಂ ತಾವೇ ತೆಪ್ಪ ಹತ್ತಿದರು. ಮೊದಲ ಪಂಜರ ಎತ್ತಿದ್ದೇ ತೆಪ್ಪ ವಾಲಿತು. ಜೊಂಡಿನ ಬಸವನಹುಳು, ಸತ್ತ ಮೀನು ತಿಂದು ದುಂಡಗಾದ ಆಮೆಗಳು, ಒಂದರ ಮೇಲೊಂದು. ಕಚ್ಚಿನವು ಅಲ್ಲೊಂದು ಇಲ್ಲೊಂದು ಮಾತ್ರ. ಎಲ್ಲ ಪಂಜರದ್ದೂ ಅದೇ ಕತೆ.

"ಎಲ್ಲಿದ್ವು ಮಾವ ಇವೆಲ್ಲ!" ಮೇಡಂ ಚಿಕ್ಕ ಮಗುವಿನಂತೆ ಕೂಗಿದರು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮ ಮಗಳು ಎಲ್ಲಾ ಹೇಳಿದ್ಲು. ಇಷ್ಟು ವರ್ಷ ನನ್ನ ತಲೆ ಮೇಲೆ ಮೆಣಸು ಅರೆದ್ರಿ ನೀವು. ಇರ್ಲಿ, ಇನ್ನು ಇವನ್ನ ಯಾರೂ ಎಲ್ಲಿಗೂ ಸಾಗ್ಸಲ್ಲ," ಎಂದರು.

ಮಾವನ ಕಿವಿ ಇಲ್ಲಿರಲಿಲ್ಲ. ಒಂದೊಂದನ್ನೂ ಎತ್ತಿ, ಎಡ ಅಂಚಿಗೆ ಹೆಬ್ಬೆರಳು ಆಡಿಸಿ, ಪಕ್ಕಕ್ಕಿಡುತ್ತಿದ್ದ. ನುಣುಪು. ಇದೂ ನುಣುಪು. ಕೊನೆಯದನ್ನು ಎರಡು ಸಲ ಸವರಿದ. ಅದೂ ನುಣುಪೇ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಪೂರ್ತಿ ಕೆಸರು.

"ಸಿಗಲಿಲ್ಲ," ಎಂದ.

"ನಾವು ಲೆಕ್ಕ ಹಾಕೋದೇ ಸಿಗದೇ ಇರೋವಕ್ಕೆ, ಮಾವ. ಕೈಗೆ ಸಿಕ್ಕಿದ್ದು ಸ್ವಲ್ಪ, ಕಾಣದೇ ಇರೋವೇ ಜಾಸ್ತಿ. ಎಲ್ಲಾ ಸೇರಿಸಿಯೇ ಒಟ್ಟು."

"ಅಂದ್ರೆ ಆ ಒಟ್ಟಿನಲ್ಲಿ ಅವಳದೂ ಸೇರಿರಬಹುದಾ?"

"ಯಾಕಿರಬಾರದು? ಆಮೆಗೆ ಆಯಸ್ಸು ಗಟ್ಟಿ." ಮೇಡಂ ಖಾಲಿಯಾದ ಪಂಜರವೊಂದನ್ನು ಅವನತ್ತ ತಳ್ಳಿದರು. "ಎಣಿಕೆ ಹೇಗೂ ಮುಗೀತು. ಇದೊಂದನ್ನ ಮೆಟ್ಟಿಲ ಹತ್ರ ಕಟ್ಟಿ ನೋಡಿ. ಲೆಕ್ಕಕ್ಕಲ್ಲ, ನಿಮಗೋಸ್ಕರ."

ಮಾವ ಪಂಜರ ಕೈಗೆ ತೆಗೆದುಕೊಂಡ. ಅವಳು ಹೊಲಿದ ಹಳೆಯ ಪಂಜರವೇ ಅದು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ತೆಪ್ಪದೊಳಗೆ ಇಟ್ಟ.

"ಬೇಡಿ ಮೇಡಂ. ಕಟ್ಟಿ, ಅದು ಬರದೇ ಹೋದ್ರೆ ಇಲ್ಲ ಅಂತ ಆಗ್ಬಿಡುತ್ತೆ. ಕಟ್ಟದೇ ಇದ್ರೆ ಇರುತ್ತೆ."

ಹುಟ್ಟು ಹಾಕಿಕೊಂಡು ತೆಪ್ಪವನ್ನು ದಡಕ್ಕೆ ತಂದ. ಮೋಟಾರು ಹಾಕುವ ಹೊತ್ತಾಗಿತ್ತು.