ಹಿಂದೆ ಬಿದ್ದ ಅಕ್ಕನ ದನಿ

ಶಿಕಾರಿಪುರದಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನೆ. ಅಬ್ಬಾ ಶುರು ಮಾಡಿದ್ದನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಅಂಗಡಿಯ ಹಿಂದಿನ ಕೋಣೆ ಮಾತ್ರ ನನ್ನದು. ಗೋಡೆಗೆ ಹಳೆಯ ಹಾಸಿಗೆ ಹೊಡೆದು, ಕಿಟಕಿ ಮುಚ್ಚಿ, ಅಲ್ಲಿ ರೆಕಾರ್ಡಿಂಗ್ ಮಾಡುತ್ತೇನೆ. ಶಾಲೆಯ ಡ್ಯಾನ್ಸಿಗೆ ಹಾಡು ಕತ್ತರಿಸುವುದು, ಆಟೋದಲ್ಲಿ ಕೂಗುವ ಪ್ರಚಾರ, ಯಾರದೋ ಭಜನೆ, ಪ್ರವಾದಿಯವರನ್ನು ಹೊಗಳುವ ಯಾರದೋ ನಾತ್. ಇಡೀ ದಿನ ಕಿವಿಗೆ ಹೆಡ್‌ಫೋನ್. ಸಂಜೆ ಅಮ್ಮಿ ಊಟಕ್ಕೆ ಕರೆದರೂ ಉತ್ತರಿಸುವ ಮನಸ್ಸಿರುವುದಿಲ್ಲ.

ಆ ಬೇಸಿಗೆಯಲ್ಲಿ ಅಂಜನಾಪುರದ ಕಡೆಯ ಒಬ್ಬ ಹೆಂಗಸು ಬಂದರು. ನೀರಾವರಿ ಗದ್ದೆ, ಜೊತೆಗೆ ಒಂದಿಷ್ಟು ಕುರಿ ಇರುವ ಮನೆಯವರು. ಮಗಳ ಮದುವೆ ಗೊತ್ತಾಗಿತ್ತು. ತಾವೂ ಸೊರಬದ ಹತ್ತಿರ ಇರುವ ತಮ್ಮ ಅಕ್ಕನೂ ಸೇರಿ ಹೇಳುವ ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿಸಬೇಕು ಎಂದರು.

"ನಮ್ ಹಿಂದೆ ಈ ಪದ ಹೇಳೋರು ಯಾರೂ ಇಲ್ರೀ," ಎಂದರು. "ಆಕಿದೂ ನಂದೂ ದನಿ ಒಟ್ಟಿಗೆ ಇರ್ಬೇಕು."

ಇಬ್ಬರನ್ನೂ ಒಂದೇ ದಿನ ಕೂರಿಸಲು ಆಗಲಿಲ್ಲ. ಇವರಿಗೆ ಮದುವೆ ಕೆಲಸ, ಅವರಿಗೆ ಬಸ್ಸಿನ ತಾಪತ್ರಯ. ಮೊದಲು ತಂಗಿ ಬಂದು ತಮ್ಮ ಭಾಗ ಹಾಡಿ ಹೋದರು. ಆಮೇಲೆ ಅಕ್ಕ ಬಂದರು. ತಂಗಿಯ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಅದರ ಮೇಲೆ ಇವರು ಹಾಡಬೇಕು.

ಸಣಕಲು ಹೆಂಗಸು, ಬಾಯಲ್ಲಿ ಎಲೆಯಡಿಕೆ. ಕಿಟಕಿ ಮುಚ್ಚಿದ ಕೋಣೆಯ ಸೆಖೆಗೆ ಕೂತಲ್ಲೇ ಬೆವರಿ ಹೋದರು. ಸಾಮಾನ್ಯವಾಗಿ ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್ ಆರಿಸುತ್ತೇನೆ. ಅವರ ಮುಖ ನೋಡಿ ಆರಿಸಲಾಗಲಿಲ್ಲ. ಫ್ಯಾನಿನ ಗುಂಯ್‌ ಸದ್ದನ್ನು ತೆಗೆಯುವ ಒಂದು ಪ್ಲಗಿನ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ, ಕಂಪ್ಯೂಟರಿನಲ್ಲಿತ್ತು. ಅದನ್ನು ಅವರ ದನಿಯ ಟ್ರ್ಯಾಕಿಗೆ ಹಾಕಿದೆ.

ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು.

"ಎಂತ ಮಾರಾಯ್ತಿ, ನನ್ನ ಹಿಂದೆ ಯಾರೋ ಹಾಡ್ತಾ ಇದಾರಲ್ಲ?"

"ಅದು ನಿಮ್ದೇ ದನಿ ಅಮ್ಮಾ."

"ನಂದೇ ಆದ್ರೆ ನಾ ಹಾಡಿದ ಮೇಲೆ ಎಂತಕ್ಕೆ ಬರ್ತದೆ?"

ಉತ್ತರ ನನಗೆ ಗೊತ್ತಿತ್ತು. ಪ್ಲಗಿನ್ ದನಿಯನ್ನು ಸ್ವಲ್ಪ ಹಿಡಿದಿಟ್ಟುಕೊಂಡು, ಅದರಲ್ಲಿ ಹಾಡು ಯಾವುದು, ಗದ್ದಲ ಯಾವುದು ಎಂದು ನೋಡಿ, ಆಮೇಲೆ ಹೊರಗೆ ಬಿಡುತ್ತದೆ. ಆ ತಡಕ್ಕೆ ನಮ್ಮವರು ಲೇಟೆನ್ಸಿ ಎನ್ನುತ್ತಾರೆ. ಆಗಲೇ ಹಾಡಿ ಮುಗಿದ ಹಾಡಾದರೆ, ಉಳಿದ ದನಿಗಳನ್ನೂ ಅಷ್ಟೇ ತಡ ಮಾಡಿಸಿ ಸಾಫ್ಟ್‌ವೇರ್ ಎಲ್ಲವನ್ನೂ ಸರಿಹೊಂದಿಸುತ್ತದೆ. ಎದುರು ಕೂತು ಹಾಡುತ್ತಿರುವವರಿಗೆ ಆ ಉಪಾಯ ನಡೆಯುವುದಿಲ್ಲ. ತಮ್ಮದೇ ದನಿ ತಡವಾಗಿ ಕಿವಿಗೆ ಬಿದ್ದರೆ ಯಾರಾದರೂ ಎಡವುತ್ತಾರೆ. ಇಷ್ಟೆಲ್ಲ ವಿವರಿಸುವ ಶಕ್ತಿ ನನಗಿರಲಿಲ್ಲ. ಪ್ಲಗಿನ್ ಆಫ್ ಮಾಡಿದೆ. ಅಕ್ಕ ಫ್ಯಾನಿನ ಸದ್ದಿನ ನಡುವೆಯೇ ಕಣ್ಣು ಮುಚ್ಚಿ ಎಲ್ಲ ಹಾಡುಗಳನ್ನೂ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೋದರು.

ಆಮೇಲೆ ಎರಡೂ ದನಿಗಳನ್ನು ಕೂಡಿಸುವ ಮಿಕ್ಸಿಂಗ್. ಫ್ಯಾನಿನ ಸದ್ದು ಹೋಗಲೇಬೇಕಾದ್ದರಿಂದ ಪ್ಲಗಿನ್ ಮತ್ತೆ ಹಾಕಿ, ಒಂದು ಹಾಡನ್ನು ತರಾತುರಿಯಲ್ಲಿ ಜೋಡಿಸಿ ತಂಗಿಗೆ ವಾಟ್ಸಾಪ್ ಮಾಡಿದೆ. ಸಂಜೆ ಅವರ ಫೋನ್ ಬಂತು.

"ಅಕ್ಕ ಹಿಂದ್ ಬೀಳ್ತಾಳಲ್ರೀ. ಪ್ರತಿ ಸಾಲಿಗೂ ಎಳೀತಾಳೆ. ವಯಸ್ಸಾತು ಆಕಿಗೆ."

ನಾನೂ ಮತ್ತೆ ಕೇಳಿದೆ. ನಿಜ, ಹಿಂದೆ ಬೀಳುತ್ತಿದ್ದರು. ಆದರೆ ಕೋಣೆಯಲ್ಲಿ ಅವರು ಹಾಡಿದ್ದನ್ನು ನಾನು ಕೇಳಿದ್ದೆ, ಅಲ್ಲಿ ಹೀಗಿರಲಿಲ್ಲ. "ಇರಿ, ನೋಡ್ತೀನಿ," ಎಂದೆ.

ನೋಡುವುದೆಂದರೆ ಸುಲಭವಲ್ಲ. ಬೇರೆ ಕೆಲಸಗಳು ರಾಶಿ ಬಿದ್ದಿದ್ದವು. ಅವುಗಳ ನಡುವೆ ಬಿಡುವು ಮಾಡಿಕೊಂಡು ಒಂದೊಂದೇ ಪ್ಲಗಿನ್ ತೆಗೆದು ಕೇಳಿದೆ, ಮತ್ತೆ ಹಾಕಿ ಕೇಳಿದೆ. ಕೇಳಿ ಕೇಳಿ ಯಾವುದು ಮುಂದೆ ಯಾವುದು ಹಿಂದೆ ಎಂಬುದೇ ತಿಳಿಯದಾಯಿತು. ಕುತ್ತಿಗೆ ಹಿಡಿದುಕೊಂಡಿತು. ಕೊನೆಗೆ ಕಿವಿಯನ್ನು ನಂಬುವುದು ಬಿಟ್ಟು, ಅಕ್ಕನ ಟ್ರ್ಯಾಕಿನ ಎರಡು ಪ್ರತಿ ಮಾಡಿದೆ: ಒಂದು ಇದ್ದ ಹಾಗೆ, ಇನ್ನೊಂದು ಫ್ಯಾನಿನ ಸದ್ದು ತೆಗೆಯುವ ಆ ಪ್ಲಗಿನ್ ದಾಟಿ ಬಂದದ್ದು. ಎರಡರ ಅಲೆಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟಾಗ ಕಣ್ಣಿಗೇ ಕಂಡಿತು. ದಾಟಿ ಬಂದ ದನಿ ತುಸು ಬಲಕ್ಕೆ, ಅಂದರೆ ತಡವಾಗಿ, ಜರುಗಿ ಕೂತಿತ್ತು. ಪ್ರತಿ ಪ್ಲಗಿನ್ ತಾನು ಎಷ್ಟು ತಡ ಮಾಡುತ್ತೇನೆಂದು ತಾನೇ ಸಾಫ್ಟ್‌ವೇರಿಗೆ ತಿಳಿಸಬೇಕು. ಇದು ಪುಕ್ಕಟೆ ಸಿಕ್ಕ ಹಳೆಯದು. ತಡವೇ ಇಲ್ಲವೆಂದು ಹೇಳುತ್ತಿತ್ತು. ಸಾಫ್ಟ್‌ವೇರ್ ನಂಬಿಕೊಂಡು ಸುಮ್ಮನಿತ್ತು. ಅಷ್ಟು ಅಂತರವನ್ನು ನಾನೇ ಕೈಯಿಂದ ಎಡಕ್ಕೆ ಎಳೆದೆ. ಅಕ್ಕ ತಂಗಿಯರ ದನಿಗಳು ಕೂಡಿಕೊಂಡವು.

ಖುಷಿಯಾಗಬೇಕಿತ್ತು. ಮುಗಿಯಿತಲ್ಲ ಎನಿಸಿತು, ಅಷ್ಟೆ.

ತಂಗಿಗೆ ಫೋನ್ ಮಾಡಿ, ತಡ ಮಾಡಿದ್ದು ನಿಮ್ಮ ಅಕ್ಕ ಅಲ್ಲ, ನನ್ನ ಕಂಪ್ಯೂಟರ್ ಎಂದೆ.

"ಅಯ್ಯೋ, ನಾ ಆಕಿಗೆ ಹೇಳ್ಬಿಟ್ನಲ್ರೀ. ನಿಂಗೆ ಆಗಲ್ಲ, ಮದುವೇಲಿ ಹಾಡಕ್ಕೆ ಬರಬ್ಯಾಡ, ಸುಮ್ನೆ ಕುತ್ಕ ಅಂದೆ. ನೀವೇ ಒಂದ್ ಮಾತು ಹೇಳ್ರಿ. ನಾ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂತಾಳೆ."

ಸೊರಬಕ್ಕೆ ಹೇಗೂ ಒಂದು ಸ್ಪೀಕರ್ ತರಲು ಹೋಗಬೇಕಿತ್ತು. ಅಲ್ಲಿಂದ ಆಟೋ ಹಿಡಿದು ಅಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಹುಣಸೆ ಹಣ್ಣು ಬಿಡಿಸುತ್ತಾ ಕೂತಿದ್ದರು. ಕೈ ಒರೆಸಿಕೊಂಡು ಇಯರ್‌ಫೋನ್ ಹಾಕಿಸಿಕೊಂಡರು. ಪೂರಾ ಕೇಳಿದರು.

"ಚೆನ್ನಾಗಿದೆ," ಎಂದರು.

ತಪ್ಪು ಅವರದಲ್ಲ, ಮದುವೆಯಲ್ಲಿ ಧಾರಾಳವಾಗಿ ಹಾಡಬಹುದು ಎಂದೆ. ಅವರು ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟರು.

"ಅವಳು ಹಂಗಂದಾಗ ನಂಗೆ ಬೇಜಾರಾಗಲಿಲ್ಲ ಕಣೆ. ಹಗುರ ಆಯ್ತು. ಯಾರ ಮನೆ ಮದುವೆ ಆದ್ರೂ ನಾನೇ ಬೇಕು. ಚಪ್ಪರದ ದಿನದಿಂದ ಹಿಡಿದು ಹೆಣ್ಣು ಕಳಿಸೋವರೆಗೂ ಗಂಟಲು ಹರ್ಕೋಬೇಕು. ಊಟ ಎಲ್ಲರದ್ದೂ ಆದ ಮೇಲೆ. ಸಾಕಾಗಿ ಹೋಗಿತ್ತು. ಆಗಲ್ಲ ಅಂತ ನಾನೇ ಹೇಳಿದ್ರೆ ಯಾರು ಕೇಳ್ತಿದ್ರು? ಈಗ ತಂಗಿನೇ ಹೇಳಿದಾಳೆ. ಅದನ್ನ ನೀ ಬಂದು ಕೆಡಿಸಬೇಡ."

ಅವರು ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. "ನೀನೂ ಎಂತ ಹಿಂಗೆ ಸೋತು ಹೋಗಿದೀಯಾ? ಸ್ವಲ್ಪ ಹೊತ್ತು ಅಡ್ಡಾಗು," ಎಂದರು. ಆ ಜಗಲಿಯ ಮೇಲೆ ನಾನು ನಿಜಕ್ಕೂ ಮಲಗಿ ನಿದ್ದೆ ಹೋದೆ. ಎದ್ದಾಗ ಹುಣಸೆ ಹಣ್ಣೆಲ್ಲ ಬಿಡಿಸಿ ಮುಗಿದಿತ್ತು.

ಮದುವೆಗೆ ನಮ್ಮದೇ ಮೈಕ್ ಸೆಟ್. ತಮ್ಮನ ಜೊತೆ ನಾನೂ ಹೋಗಿದ್ದೆ. ಅರಿಶಿನ ಹಚ್ಚುವಾಗ ಸ್ಪೀಕರಿನಿಂದ ಇಬ್ಬರ ದನಿಯೂ ಒಟ್ಟಿಗೆ ಬಂತು. ನೆಂಟರು ಯಾರ ಹಾಡು ಎಂದು ಕೇಳಿದರು, ಹೇಳಿದ ಮೇಲೆ ತಮ್ಮ ಮಾತಿಗೆ ಮರಳಿದರು. ಅಕ್ಕ ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ತಂಗಿ ಕೆಲಸದ ನಡುವೆ ನನ್ನ ಹತ್ತಿರ ಬಂದರು. "ಹೇಳಿದ್ರೇನ್ರೀ ಅಕ್ಕಗೆ?"

"ಹೇಳಿದೆ."

"ಏನಂದ್ಲು?"

"ಚೆನ್ನಾಗಿದೆ ಅಂದ್ರು."

"ಮತ್ತೆ ಹಾಡಲ್ಲ ಅಂತಾಳಲ್ರೀ?"

"ಬಿಡಿ ಅಮ್ಮಾ. ಕೂತ್ಕೊಳ್ಲಿ," ಎಂದೆ.

ಅವರು ಅಕ್ಕನ ಕಡೆ ನೋಡಿದರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತರು. ಅಕ್ಕ ಒಂದು ಎಲೆ ಮಡಿಸಿ ಅವರ ಕೈಗೆ ಕೊಟ್ಟರು.