ಲೀಷರ್ಲಿ ಎಂಬ ಒಳ್ಳೆಯ ಮಾತು

ಗಾಜಿನ ಬಳೆ ಕೀಬೋರ್ಡಿನ ಅಂಚಿಗೆ ತಾಗುವ ಸದ್ದು. ಟಿಣ್, ಟಿಣ್, ಆಮೇಲೆ ಏನೂ ಇಲ್ಲ. ನನ್ನ ಕಿವಿ ಕಾಯುತ್ತಿದ್ದದ್ದು ಆ ಸದ್ದಿಗಲ್ಲ, ಅದು ನಿಲ್ಲುವುದಕ್ಕೆ.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ರಾಜಾಜಿನಗರದಲ್ಲಿ ಶಾಲೆಯ ಗೈಡ್‌ಗಳನ್ನು ತಯಾರಿಸುವ ಸಣ್ಣ ಆಫೀಸಿಗೆ ನಾನು ಇನ್‌ಚಾರ್ಜ್. ಪುಟ ಜೋಡಿಸುವವರು ಮೂವರು. ಎಲ್ಲರ ಫೈಲುಗಳೂ ಇರುತ್ತಿದ್ದದ್ದು ನನ್ನ ಕ್ಯಾಬಿನ್ನಿನ ಮೂಲೆಯ ಸರ್ವರಿನಲ್ಲಿ. ಅದನ್ನು ನಾನಲ್ಲದೆ ಯಾರೂ ಮುಟ್ಟಬಾರದೆಂದು ಸ್ಟ್ರಿಕ್ಟ್ ಆಗಿ ಹೇಳಿದ್ದೆ.

ಬಳೆಯವಳು ಗದಗದ ಕಡೆಯವಳು. ಗಂಡನನ್ನು ಬಿಟ್ಟು ಬಂದು ವಿಜಯನಗರದ ಅಣ್ಣನ ಮನೆಯಲ್ಲಿದ್ದಳು. ಆರು ತಿಂಗಳ ಟ್ರಯಲ್ ಮುಗಿದು ಕೆಲಸ ಪರ್ಮನೆಂಟ್ ಆದರೆ ಇಲ್ಲಿರು, ಇಲ್ಲವೆಂದರೆ ಗಂಡನ ಮನೆಗೇ ಹೋಗು ಎಂದಿದ್ದನಂತೆ ಅಣ್ಣ. ಒಮ್ಮೆ ಊಟದ ಡಬ್ಬಿ ಬಿಚ್ಚುತ್ತ ಅವಳೇ ಹೇಳಿದ್ದಳು, ಮೊಣಕೈ ಮೇಲಿನ ಸುಟ್ಟ ಕಲೆಯನ್ನೂ ತೋರಿಸಿದ್ದಳು. ಗೊತ್ತಿರಲಿಲ್ಲ ಎಂಬ ನೆಪ ನನಗಿಲ್ಲ.

ಉಳಿದಿಬ್ಬರದು ಬರೀ ಅಕ್ಷರದ ಪುಟ, ಹಗುರ. ಇವಳದು ಸೈನ್ಸ್, ಚಿತ್ರ ತುಂಬಿದ ಭಾರದ ಫೈಲು. ಒಂದು ತೆರೆಯಬೇಕೆಂದರೆ ಕಾಫಿ ಆರಿಹೋಗುತ್ತಿತ್ತು.

"ಫೈಲ್ ತೆರೀವಲ್ದ್ರೀ ಮೇಡಂ."

"ತೆರೀವಲ್ದಾ? ಪಾಪ, ಅದಕ್ಕೂ ನಿನ್ನ ಕನ್ನಡ ಅರ್ಥ ಆಗ್ತಿಲ್ಲ ಕಣೇ."

ಉಳಿದಿಬ್ಬರು ನಕ್ಕರು. ಅವಳೂ ನಕ್ಕಳು, ನಗದಿದ್ದರೆ ನನಗೆ ಬೇಜಾರಾದೀತೆಂದು.

ಬ್ಯಾಡರಹಳ್ಳಿಯಿಂದ ರಿಪೇರಿಯವರು ಸ್ಕೂಟರಿನಲ್ಲಿ ಬಂದರು, ನನ್ನದೇ ವಯಸ್ಸಿಗೆ ಹತ್ತಿರದವರು. ಸರ್ವರಿನ ಮುಂದೆ ಕೂತು ಮೌಸ್ ಅಲ್ಲಾಡಿಸಿ ಒಂದು ಫೈಲು ಕರೆದರೆ ಕಣ್ಣು ಮಿಟುಕಿಸುವುದರೊಳಗೆ ಬಂತು. ಆದರೂ ಕೇಬಲ್ ಬದಲಿಸಿದರು. ಮುಂದಿನ ಸಲ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿಯನ್ನೇ ಬದಲಿಸಿದರು. ಮೂರನೆಯ ಸಲ ಹಳೆಯ ಫೈಲು ಅಳಿಸಿ ಜಾಗ ಮಾಡಿದರು. ಅವರು ಕೂತಿರುವ ತನಕ ಎಲ್ಲ ಪಟಪಟನೆ. ಸ್ಕೂಟರು ತಿರುವು ದಾಟಿದ ಮೇಲೆ ಬಳೆ ಮತ್ತೆ ನಿಲ್ಲುತ್ತಿತ್ತು.

"ಮಷೀನ್ ಚೆನ್ನಾಗೇ ಇದೆ ಮೇಡಂ. ಕೆಲಸ ಮಾಡೋರನ್ನ ಒಂದ್ಸಲ ರಿಪೇರಿ ಮಾಡಿಸಿ," ಎಂದರು.

ನಾನು ಜೋರಾಗಿ ನಕ್ಕೆ, ಹೊರಗೆ ಅವಳಿಗೆ ಕೇಳಿಸಲೆಂದೇ.

ಆರನೆಯ ತಿಂಗಳ ಕೊನೆಯ ದಿನ, ಅವಳು ಬೇಡವೆಂದು ಮಾಲೀಕರಿಗೆ ಬರೆದುಕೊಟ್ಟೆ.

"ಇನ್ನೊಂದ್ ತಿಂಗ್ಳು ನೋಡ್ರೀ ಮೇಡಂ. ನನ್ ಕೈ ನಿಧಾನ ಇಲ್ರೀ."

"ಐ ಆಮ್ ಸೋ ಸಾರಿ, ಮೈ ಡಿಯರ್," ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಸಾರಿ, ತುಟಿಯಿಂದ ಕೆಳಗಿಳಿಯುವುದಿಲ್ಲ.

ಅವಳ ಪುಟಗಳು ಹಳಬರಲ್ಲಿ ಒಬ್ಬರ ಪಾಲಿಗೆ ಬಂದವು. ಎರಡೇ ದಿನಕ್ಕೆ ಅವರ ಕೈಯೂ ನಿಂತಿತು. ರಿಪೇರಿಯವರನ್ನು ಮತ್ತೆ ಕರೆಸಿದೆ. ಈ ಸಲ ಅವರು ಏನೂ ಮುಟ್ಟದೆ ಕೈ ಹಿಂದೆ ಕಟ್ಟಿಕೊಂಡು ಸರ್ವರಿನ ಪರದೆಯನ್ನೇ ನೋಡುತ್ತ ನಿಂತರು. ಕಪ್ಪು ಪರದೆಯ ಮೇಲೆ ಬಣ್ಣಬಣ್ಣದ ಪೈಪುಗಳು ತಾವಾಗಿಯೇ ಬೆಳೆಯುತ್ತ, ಬಾಗುತ್ತ, ಹೆಣೆದುಕೊಳ್ಳುತ್ತಿದ್ದವು. ಹತ್ತು ನಿಮಿಷ ಮೌಸ್ ಮುಟ್ಟದಿದ್ದರೆ ಶುರುವಾಗುವ ಸ್ಕ್ರೀನ್‌ಸೇವರ್. ಹಾಕಿದ್ದು ನಾನು. ಮಧ್ಯಾಹ್ನ ಅದನ್ನು ನೋಡುತ್ತ ಕೂರುವುದು ಎಷ್ಟು ಹಿತವಾಗಿತ್ತು!

"ಇದನ್ಯಾರು ಹಾಕಿದ್ದು ಮೇಡಂ? ಇದರ ಶಕ್ತಿಯೆಲ್ಲ ಈ ಪೈಪ್ ಬರೆಯೋದಕ್ಕೇ ಹೋಗ್ತಾ ಇದೆ. ಫೈಲ್ ಕೊಡೋಕೆ ಪುರುಸೊತ್ತೆಲ್ಲಿ? ನಾನು ಬಂದು ಮೌಸ್ ಅಲ್ಲಾಡಿಸಿದ್ರೆ ಮಾಯ. ಅದಕ್ಕೇ ನನ್ ಕೈಗೆ ಸಿಕ್ತಿರ್ಲಿಲ್ಲ."

"ಹೋದಳಲ್ಲ, ಅವಳೇ ಹಾಕಿರ್ಬೇಕು," ಎಂದೆ.

ಸರ್ವರ್ ಮುಟ್ಟುವವರು ಯಾರೆಂದು ಉಳಿದಿಬ್ಬರಿಗೂ ಗೊತ್ತಿತ್ತು. ಮುಖ ಮುಖ ನೋಡಿಕೊಂಡು ಕೀಬೋರ್ಡಿನ ಕಡೆ ತಿರುಗಿದರು.

ಮರುದಿನ ಅವಳು ಬಂದಳು. ಬಸವೇಶ್ವರನಗರದ ಒಂದು ಪ್ರೆಸ್ಸಿನಲ್ಲಿ ಕೆಲಸ ಖಾಲಿಯಿದೆಯಂತೆ, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ತಂದರೆ ನೋಡುತ್ತಾರಂತೆ. ಅದೂ ಕೈತಪ್ಪಿದರೆ ಭಾನುವಾರ ಅಣ್ಣ ಊರಿನ ಬಸ್ಸು ಹತ್ತಿಸುತ್ತಾನೆ. ಸರ್ಟಿಫಿಕೇಟ್ ಅವಳನ್ನು ಬಿಡಿಸಿದ ದಿನವೇ ಟೈಪಾಗಿ ಡ್ರಾಯರಿನಲ್ಲಿತ್ತು. ಅದರಲ್ಲಿ ‘ನಿಧಾನ’ ಎನ್ನಲು ನಾನು ಹಾಕಿದ್ದ ನಯವಾದ ಇಂಗ್ಲಿಷ್ ಪದವೊಂದನ್ನು ಬದಲಿಸಿದ್ದರೆ ಸಾಕಿತ್ತು. ಬದಲಿಸಿದರೆ ಯಾಕೆಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತಿತ್ತು. ಹಾಗೆಯೇ ಕೊಟ್ಟೆ.

ಬೆರಳಿಟ್ಟು ಓದಿದಳು. "ಲೀಷರ್ಲಿ ಅಂದ್ರ ಏನ್ರೀ?"

"ಒಳ್ಳೇ ಮಾತೇ ಕಣೇ. ಗಾಬರಿ ಇಲ್ಲದೆ ಕೆಲಸ ಮಾಡ್ತೀಯ ಅಂತ."

ಅವಳ ಕಣ್ಣು ತುಂಬಿತು. ಬಗ್ಗಿ ನನ್ನ ಕಾಲು ಮುಟ್ಟಿದಳು. ಬಾಗಿಲ ಹತ್ತಿರ ತಿರುಗಿ, "ಸರ್ವರ್ ಚಲೋ ಆತೇನ್ರೀ?" ಎಂದಳು.

"ಆಯ್ತು. ಕೇಬಲ್ ಹೋಗಿತ್ತು."

ಕಿಟಕಿಯಿಂದ ನೋಡಿದೆ. ಬಸ್ ಸ್ಟಾಪಿನಲ್ಲಿ ಹಾಳೆ ಮಡಿಕೆಯಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು, ಆ ಪದವನ್ನೇ ಬಾಯಿಪಾಠ ಮಾಡುತ್ತಿದ್ದಳೇನೋ. ಬಸ್ಸು ಬಂದು ಸ್ಟಾಪು ದಾಟಿ ಮುಂದೆ ಹೋಗಿ ನಿಂತಿತು. ಅವಳು ಹಾಳೆಯನ್ನು ಎದೆಗೊತ್ತಿಕೊಂಡು ಓಡಿದಳು. ಎಲ್ಲರಿಗಿಂತ ಮೊದಲು ಹತ್ತಿದವಳು ಅವಳೇ. ಆಮೇಲೆ ಅವಳನ್ನು ನಾನು ನೋಡಲಿಲ್ಲ.