ತಾಮ್ರದ ನೀರು ಕುಡಿದ ಹವಳ

ಕಾರ್ತಿಕ ಹತ್ತಿರ ಬಂದಿತ್ತು. ಅರಳೆ ಹರವಿಕೊಂಡು ಹೂಬತ್ತಿ ಹೊಸೆಯುತ್ತ ಕೂತಿದ್ದೆ, ಫೋನು ಬಂತು. ಯೆರವಡಾದ ಅಕ್ವೇರಿಯಂ ಅಂಗಡಿಯವನು.

"ವಹಿನೀ, ನೀವು ಪರೀಕ್ಷೆಗೆ ಕಳಿಸಿದ ತೊಟ್ಟಿಯ ನೀರಿನಲ್ಲಿ ತಾಮ್ರ ಇದೆ," ಎಂದ ಮರಾಠಿಯಲ್ಲಿ. "ತೊಟ್ಟಿಯೊಳಗೆ ನಾಣ್ಯ ಗೀಣ್ಯ ಬಿದ್ದಿದೆಯಾ ನೋಡಿ. ಹವಳಕ್ಕೆ ತಾಮ್ರ ಅಂದರೆ ವಿಷ."

ನಾಣ್ಯ ಬಿದ್ದಿರಲಿಲ್ಲ. ತಾಮ್ರ ಎಲ್ಲಿಂದ ಬಂತೆಂದು ನನಗೆ ಅಲ್ಲೇ ಗೊತ್ತಾಯಿತು.

ಆ ತೊಟ್ಟಿ ನಮ್ಮ ಮಾವನವರದು. ಬೆಳಗಾವಿಯ ಬಟ್ಟೆ ಅಂಗಡಿ ಬಿಟ್ಟು ಪುಣೆಯ ನಮ್ಮ ಮನೆಗೆ ಬಂದ ಮೇಲೆ ಅವರಿಗೆ ಹೊತ್ತೇ ಹೋಗುತ್ತಿರಲಿಲ್ಲ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ರೂಢಿಯಾದ ಬಾಯಿ. ಅದಕ್ಕೇ ನಮ್ಮ ಮನೆಯವರು ಈ ಉಪ್ಪುನೀರಿನ ಗಾಜಿನ ತೊಟ್ಟಿ ತಂದುಕೊಟ್ಟರು. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಹವಳ. ಹವಳ ಅಂದಾಗ ನಾನು ತಾಳಿಯಲ್ಲಿದ್ದ ಹವಳ ಮುಟ್ಟಿ ನೋಡಿಕೊಂಡಿದ್ದೆ. ಇದು ಕೆಂಪೂ ಅಲ್ಲ, ಗಟ್ಟಿಯೂ ಅಲ್ಲ. ಅಣಬೆಯ ಹಾಗೆ ಮೆತ್ತಗೆ, ತಲೆಯ ತುಂಬ ಸಣ್ಣ ಸಣ್ಣ ಬೆರಳು. ಬೆಳಗ್ಗೆ ದೀಪ ಹಾಕಿದರೆ ಬೆರಳು ಬಿಚ್ಚಿ ಆಡಿಸುತ್ತಿತ್ತು. ಮಾವನವರು ಅದರ ಮುಂದೆ ಕೂತು ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. "ಈ ಗಿರಾಕಿ ರೇಟು ಕಡಿಮಿ ಮಾಡ ಅನ್ನೂದಿಲ್ಲ ನೋಡು," ಎಂದು ನಗುತ್ತಿದ್ದರು.

ಈಗ ಹದಿನೈದು ದಿನದಿಂದ ಅದು ಬೆರಳು ಬಿಚ್ಚಿರಲಿಲ್ಲ. ತಲೆ ಬಾಗಿತ್ತು, ಬಣ್ಣ ಕಂದಿತ್ತು, ಮೈಮೇಲೆ ಮೇಣದಂಥ ಪೊರೆ. ಮಾವನವರಿಗೆ ಊಟ ಸೇರುತ್ತಿರಲಿಲ್ಲ. ಮಗನೇ ಏನೋ ಮಾಡಿದ್ದಾನೆಂದು ಅವರ ಗುಮಾನಿ.

ಮಾಡಿದವಳು ನಾನು. ತೊಟ್ಟಿಯ ನೀರು ದಿನಾ ಒಂದಿಷ್ಟು ಆರುತ್ತದೆ. ಅಷ್ಟು ಫಿಲ್ಟರಿನ ನೀರು ಸೇರಿಸುವುದು ನನ್ನ ಕೆಲಸ. ಶ್ರಾವಣದಲ್ಲಿ ನನಗೆ ಭಕ್ತಿ ಉಕ್ಕಿತು. ಸಮುದ್ರದ ಜೀವ ನಮ್ಮ ಮನೆಗೆ ಬಂದಿದೆ, ಅದಕ್ಕೆ ಪ್ಲಾಸ್ಟಿಕ್ ಫಿಲ್ಟರಿನ ನೀರು ಹಾಕುವುದೇ ಅನ್ನಿಸಿತು. ದೇವರ ಮುಂದೆ ತಾಮ್ರದ ತಂಬಿಗೆಯಲ್ಲಿ ಇಟ್ಟ ನೀರನ್ನೇ ದಿನಾ ಮಡಿಯಲ್ಲಿ ತಂದು ಸುರಿಯತೊಡಗಿದೆ.

ಫೋನಿನಲ್ಲಿ ಇದನ್ನು ಹೇಳಿದಾಗ ಅಂಗಡಿಯವನು "ಅರೇ ದೇವಾ!" ಎಂದ. ನೀರು ಆರಿ ಹೋದರೂ ತಾಮ್ರ ಹೋಗುವುದಿಲ್ಲ, ದಿನದಿನಕ್ಕೆ ಕೂಡುತ್ತ ಬಂದಿದೆ ಎಂದು ಬಿಡಿಸಿ ಹೇಳಿದ. ಇನ್ನೂ ಆಸೆಯಿದೆ, ನೀರು ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ತಾಮ್ರ ಹೀರಲು ಇದ್ದಿಲಿನ ಚೀಲ ಇಡಿ ಎಂದ.

ಮಾವನವರು ತೊಟ್ಟಿಯ ಮುಂದೆಯೇ ಕೂತಿದ್ದರು.

"ಮಾಮಾ, ನಿಮ್ಮ ಮಗನ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ. ನಾನ ಮಾಡೇನ್ರಿ. ದೇವರ ತಂಬಿಗಿ ನೀರು ಹಾಕತಿದ್ದೆ. ತಾಮ್ರ ಅದಕ್ಕ ಆಗೂದಿಲ್ಲಂತ್ರಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ತೀರ್ಥ ಕೊಟ್ಟಿಯೇನು ಅದಕ್ಕ?"

"ಹೌದ್ರಿ."

"ಎಂದಿನಿಂದ?"

"ಶ್ರಾವಣದಿಂದ್ರಿ."

"ಏಕಾದಶಿ ಉಪವಾಸನೂ ಮಾಡಿಸಿದ್ಯೇನು ಮತ್ತ?" ಎಂದರು. ಮಾತು ಚೇಷ್ಟೆಯದು, ಮುಖ ಮಾತ್ರ ನಗಲಿಲ್ಲ. "ಹೂಂ. ಬಕೀಟ ತೊಗೊಂಡ ಬಾ."

ಅಂದಿನಿಂದ ಅವರು ಪೈಪು ಹಿಡಿಯುವುದು, ನಾನು ಬಕೀಟು ಎತ್ತುವುದು. ಸಮುದ್ರದ ಉಪ್ಪನ್ನು ಹಿಂದಿನ ದಿನವೇ ಕರಗಿಸಿ ಇಡುತ್ತಿದ್ದೆ. ಅವರ ಹಳೆಯ ಪಂಚೆ ಹರಿದು ಇದ್ದಿಲಿಗೆ ಚೀಲ ಹೊಲಿದೆ. "ಹೊಲಿಗಿ ಸೊಟ್ಟ ಅದ," ಎಂದರು. ಬಟ್ಟೆ ಅಂಗಡಿಯ ಕಣ್ಣು. ನಾನು ಸ್ತೋತ್ರ ಅನ್ನುತ್ತ ನೀರು ಸುರಿದರೆ, "ಅನ್ನು, ಅನ್ನು. ಆದರ ಒಳಗ ಮಾತ್ರ ಏನೂ ಹಾಕಬ್ಯಾಡವಾ," ಎನ್ನುತ್ತಿದ್ದರು.

ದೇವರು ಕೈಬಿಟ್ಟಿರಲಿಲ್ಲ. ಮೀನುಗಳಿಗೆ ಏನೂ ಆಗಲಿಲ್ಲ. ಎಷ್ಟು ಸಲ ಫೋನು ಮಾಡಿದರೂ ಅಂಗಡಿಯವನು ಬೇಸರಿಸಲಿಲ್ಲ. ತೊಟ್ಟಿಯ ಪಂಪು ನಿಲ್ಲಿಸಿಬಿಡುವ ಗುರುವಾರದ ಕರೆಂಟು ಕಡಿತ ಕೂಡ ಆ ವಾರ ಅರ್ಧ ತಾಸಿಗೇ ಮುಗಿಯಿತು.

ಮೂರನೆಯ ವಾರ ಹವಳದ ಮೇಲಿನ ಪೊರೆ ಚಿಂದಿಯಾಗಿ ಏಳತೊಡಗಿತು. ಕೊಳೆಯಿತೆಂದೇ ತಿಳಿದೆ. ಅಂಗಡಿಯವನನ್ನು ಕೇಳಿದರೆ, "ಪೊರೆ ಬಿಡುವುದು ಒಳ್ಳೆಯ ಲಕ್ಷಣ ವಹಿನೀ, ಪಂಪಿನ ನೀರು ಅದರ ಕಡೆಗೆ ತಿರುಗಿಸಿ," ಎಂದ. ಮಾವನವರು ತಿರುಗಿಸಿದರು.

ನಾಲ್ಕು ದಿನದ ಮೇಲೆ ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಮಾವನವರ ಕೂಗು ಬಂತು.

"ಏ ಯವ್ವಾ! ಲಗೂನ ಬಾ ಇಲ್ಲೆ!"

ಹಿಟ್ಟಿನ ಕೈಯಲ್ಲೇ ಓಡಿದೆ. ಹವಳದ ಒಂದು ಅಂಚಿನಲ್ಲಿ ಮಾತ್ರ, ಅಕ್ಕಿಕಾಳಿನಷ್ಟು ಬೆರಳುಗಳು ಹೊರಗೆ ಬಂದಿದ್ದವು. ಮಾವನವರು ಗಾಜಿಗೆ ಮೂಗು ಹಚ್ಚಿ ಎಣಿಸುತ್ತಿದ್ದರು.

"ನಾಕು. ಅಲ್ಲ, ಅಲ್ಲೊಂದದ ನೋಡು, ಐದು!"

"ಉಳೀತೇನ್ರಿ ಮಾಮಾ?"

"ಉಳದದ. ಭಾಳ ಗಟ್ಟಿ ಜೀವ ಅದ. ನಿನ್ನ ಭಕ್ತಿನೂ ತಡಕೊಂಡದ."

ಈ ಸಲ ಮುಖವೂ ನಕ್ಕಿತು. ಅಂಗಡಿಯವನಿಗೆ ಹೇಳಬೇಕೆಂದು ತಾವೇ ಫೋನಿನ ಕಡೆ ನಡೆದರು. ನಾನು ಅಲ್ಲಿಂದಲೇ ದೇವರ ಕೋಣೆಯ ಕಡೆ ಕೈಮುಗಿದು ಒಳಗೆ ಬಂದೆ. ಹೆಂಚಿನ ಮೇಲಿನ ರೊಟ್ಟಿಯ ಒಂದು ಮಗ್ಗುಲು ಸೀದಿತ್ತು. ತೆಗೆದು ನನ್ನ ತಾಟಿಗೆ ಹಾಕಿಕೊಂಡು, ಮತ್ತೊಂದು ಉಂಡೆ ನಾದಿ ಬಡಿಯಲು ಕೂತೆ.